ಗಂಡಸಿನ ಶ್ರುತಿ

ನಾನು ಹುಟ್ಟಿದ್ದು ಅಕ್ಕನ ಹಿಂದೆ, ಬದುಕಿದ್ದೂ ಅಕ್ಕನ ಹಿಂದೆಯೇ. ಯಾವ ಊರಿನ ಯಾವ ವೇದಿಕೆಯಾದರೂ ಸರಿ, ಅವಳು ನಡುವೆ ಬೆಳಕಿನಲ್ಲಿ, ನಾನು ಒಂದು ಮಾರು ಹಿಂದೆ ಅರೆಗತ್ತಲಲ್ಲಿ. ಜನರ ಮುಖಗಳನ್ನು ನಾನು ನೋಡಿರುವುದೆಲ್ಲ ಅವಳ ಭುಜದ ಮೇಲಿಂದಲೇ. "ಬಸ್ಸು ಹೋಗಲಿ ಬಿಡು" ಹಾಡಿನಲ್ಲಿ ವೆರ್ಲೀನ್ ಟಾಲಿವರ್ ಒಂದೊಂದು ಸಾಲು ಮುಗಿಸಿದಾಗಲೂ ಹಿಂದಿನಿಂದ "ಹೋಗಲಿ, ಹೋಗಲಿ" ಎಂದು ಒಂದು ದನಿ ಬರುತ್ತದಲ್ಲ, ಆ ದನಿ ನನ್ನದು. ನಾನು ಓಝೆಲ್ಲಾ, ಅವಳ ತಂಗಿ. ಜೀವಮಾನವಿಡೀ ಒಂದೇ ಮಾತು ಹಾಡಿ ಹೊಟ್ಟೆ ಹೊರೆದವಳು. ನನ್ನ ಗಂಡ ಮನೆ ಬಿಟ್ಟು ಹೋದಾಗ ಬೀದಿಯವರೆಲ್ಲ ಬಂದು ನನಗೆ ಅದೇ ಮಾತು ಹೇಳಿ ಸಮಾಧಾನ ಮಾಡಿದರು, ನಗು ತಡೆದುಕೊಂಡು.

ಹಾಡುವವರಿಗೆ ಒಂದೊಂದು ಶ್ರುತಿ ಇರುತ್ತದೆ. ದೇವರು ಕೊಟ್ಟದ್ದು, ಕಾಲಿನ ಅಳತೆಯ ಹಾಗೆ. ಬೇರೆಯವರ ಅಳತೆಯ ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯಬಹುದು, ಊರೂರು ತಿರುಗುವುದಕ್ಕಾಗುವುದಿಲ್ಲ. ಅಕ್ಕನದು ಕೆಳಗಿನ ಶ್ರುತಿ. ಹುಡುಗಿಯಾಗಿದ್ದಾಗ ಅವಳು ಪಾತ್ರೆ ತೊಳೆಯುತ್ತ ಹಾಡಿಕೊಂಡರೆ ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಕೇಳುತ್ತಿದ್ದಳು. ಇವಳ ಗಂಟಲಲ್ಲಿ ಕಾಕಂಬಿ ಇದೆ ಎನ್ನುತ್ತಿದ್ದಳು. ಗಟ್ಟಿಯಾದ, ನಿಧಾನವಾದ, ಕಂದು ಬಣ್ಣದ ದನಿ ಅದು. ಜಗತ್ತಿಗೆ ಗೊತ್ತಿರುವ ವೆರ್ಲೀನ್ ಟಾಲಿವರ್ ದನಿ ಅದಲ್ಲ. ಜಗತ್ತು ಅವಳ ದನಿಯನ್ನು ಕೇಳಲೇ ಇಲ್ಲ ಎಂದು ನಾನು ಹೇಳಿದರೆ ಜನ ನನಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾರೆ. ಹೊಟ್ಟೆಕಿಚ್ಚೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಇದು ಬೇರೆ ವಿಷಯ.

ಅರವತ್ತಾರನೇ ಇಸವಿಯ ಬೇಸಿಗೆ. ಮೆಂಫಿಸ್‌ನ ದಕ್ಷಿಣದಲ್ಲಿ ನಮ್ಮ ಬೀದಿಯಿಂದ ಸ್ವಲ್ಪ ದೂರಕ್ಕೆ ಮುಚ್ಚಿಹೋದ ಮಂಚ-ಮೇಜಿನ ಅಂಗಡಿಯೊಂದರ ಗೋಡೆಗೆ ಕಂಬಳಿ ಹೊಡೆದು ರೆಕಾರ್ಡಿಂಗ್ ಸ್ಟುಡಿಯೋ ಮಾಡಿದ್ದರು. ನಾವಿಬ್ಬರೂ ಅಲ್ಲಿ ಬೇರೆಯವರ ಹಾಡಿಗೆ ಹಿಂದಿನ ದನಿ ಕೊಡುತ್ತಿದ್ದೆವು. ಅವತ್ತಿನ ಹಾಡು ಹಾರ್ಲನ್ ಪೆಟ್‌ವೇಯದು. ಆಗ ನಮ್ಮ ಸೀಮೆಯಲ್ಲಿ ಸೋಲ್ ಹಾಡು, ನಮ್ಮ ಕರಿಯರ ಎದೆಯ ಹಾಡು, ಎಂದರೆ ಪೆಟ್‌ವೇ. ಅವನು ಬೀದಿಯಲ್ಲಿ ನಡೆದರೆ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಆದರೆ ಅವತ್ತು ಅವನು ಸೇತುವೆ ದಾಟಿ ಆರ್ಕನ್ಸಾಕ್ಕೆ ನಾಯಿ ರೇಸು ನೋಡಲು ಹೋದವನು ಬರಲೇ ಇಲ್ಲ.

ವಾದ್ಯದವರ ಯಜಮಾನ ಕ್ಲಿಯೋಥಾ ಮೇಬ್ರಿ. ಆರ್ಗನ್ ನುಡಿಸುತ್ತಿದ್ದರು, ಎಲ್ಲರಿಗೂ ಅವರು ಮೇಸ್ಟ್ರು. ಅಲ್ಲಿ ಯಾರೂ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಮೇಸ್ಟ್ರು ಗುನುಗುತ್ತಿದ್ದರು, ಮಿಕ್ಕವರು ಅದನ್ನು ಹಿಡಿದುಕೊಂಡು ನುಡಿಸುತ್ತಿದ್ದರು, ಅಷ್ಟೆ. ಅವತ್ತು ಪೆಟ್‌ವೇಯ ಶ್ರುತಿಯಲ್ಲೇ ಎಲ್ಲ ವಾದ್ಯವನ್ನೂ ನುಡಿಸಿ ಟೇಪಿಗೆ ಹಾಕಿಯಾಗಿತ್ತು. ಕಹಳೆಯವರು ಕ್ಲಬ್ಬಿನಲ್ಲಿ ನುಡಿಸುವುದಿದೆ ಎಂದು ಎದ್ದು ಹೋಗಿಯೂ ಆಗಿತ್ತು. ಪೆಟ್‌ವೇ ಬರುವವರೆಗೆ ಗುರುತಿಗೊಂದು ದನಿ ಇರಲಿ, ಹಾಡಿಬಿಡು ಎಂದು ಮೇಸ್ಟ್ರು ಅಕ್ಕನಿಗೆ ಹೇಳಿದರು.

"ಮೇಸ್ಟ್ರೇ, ಇದು ನನ್ನ ಶ್ರುತಿ ಅಲ್ಲ," ಅಂದಳು ಅಕ್ಕ.

"ನಿನ್ನ ಹಾಡೂ ಅಲ್ವಲ್ಲಮ್ಮ. ಸುಮ್ನೆ ಹಾಡು, ಊಟದ ಹೊತ್ತಾಯ್ತು."

ಗಂಡಸಿನ ಶ್ರುತಿ ಅದು. ಅವನು ಹಾಡುವ ಜಾಗದಲ್ಲೇ ಹಾಡಿದರೆ ಅವಳ ದನಿ ನೆಲದೊಳಗೆ ಹೂತುಹೋಗುತ್ತಿತ್ತು, ಮೇಲಿನ ಸ್ಥಾಯಿಗೆ ಹೋದರೆ ಸೂರಿಗೆ ತಲೆ ಬಡಿಯುತ್ತಿತ್ತು. ಅವಳು ಮೇಲೆಯೇ ಹಾಡಿದಳು. ಮೊದಲ ಎರಡು ಚರಣ ಹೇಗೋ ಮುಗಿಯಿತು. ಮೂರನೆಯದು ಏರುತ್ತ ಹೋಗುವ ಚರಣ. ಕೊನೆಯ ಬಸ್ಸು ಹೋಗಲಿ, ನೀನು ಇಲ್ಲೇ ಇರು ಎಂದು ಬೇಡಿಕೊಳ್ಳುವ ಕಡೆ ಅಕ್ಕನ ಗಂಟಲು ಬಿರಿಯಿತು. ಬಟ್ಟೆ ಹರಿದ ಸದ್ದು ನಿಜವಾಗಿ ಕೇಳಿಸಿತು ನನಗೆ. ಅವಳು ಕತ್ತಿಗೆ ಕೈ ಇಟ್ಟುಕೊಂಡು ಆ ಬಿರುಕಿನ ಮೂಲಕವೇ ಮಿಕ್ಕದ್ದನ್ನು ಹಾಡಿ ಮುಗಿಸಿದಳು. ರೆಕಾರ್ಡು ಗಮನವಿಟ್ಟು ಕೇಳಿ, ಅಲ್ಲಿ ಒಂದು ಸಾಲಿಗೆ ನನ್ನ "ಹೋಗಲಿ" ಇಲ್ಲ. ಆ ಮೌನ ಎಂಥ ಕಲೆಗಾರಿಕೆ ಎಂದು ಬಲ್ಲವರು ಬರೆದಿದ್ದಾರೆ. ನಾನು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ.

ಗಾಜಿನ ಆಚೆ ಕುಳಿತಿದ್ದ ಸ್ಟುಡಿಯೋ ಮಾಲೀಕ ಎದ್ದು ನಿಂತದ್ದು ಮಾತ್ರ ನೆನಪಿದೆ. ಮುಂದಿನ ವಾರ ಪೆಟ್‌ವೇ ಬಂದ. ಟೇಪು ಹಾಕಿ ಕೇಳಿಸಿದರು. ಕೇಳಿ, ಟೋಪಿ ತಲೆಗೇರಿಸಿಕೊಂಡು, "ಇದನ್ನ ನಾನು ಮುಟ್ಟಲ್ಲ ಕಣ್ರಯ್ಯ" ಅಂದು ಹೋದ. ಕಹಳೆಯವರನ್ನು ಮತ್ತೆ ಕರೆಸಿ ತನ್ನ ಶ್ರುತಿಯಲ್ಲಿ ಹೊಸದಾಗಿ ಮಾಡೋಣ ಎಂದು ಅಕ್ಕ ಕೇಳಿಕೊಂಡಳು. ಮಾಲೀಕ ನಕ್ಕುಬಿಟ್ಟ. ಬೇಸಿಗೆ ಕಳೆಯುವ ಹೊತ್ತಿಗೆ ನಮ್ಮ ಬೀದಿಯ ಪ್ರತಿ ಕಿಟಕಿಯಲ್ಲೂ ಅಕ್ಕನ ಗಂಟಲು ಬಿರಿಯುತ್ತಿತ್ತು.

ಆಮೇಲೆ ಆ ಹಾಡು ದೇಶ ಸುತ್ತಿತು. ಎಲ್ಲರಿಗಿಂತ ಮೊದಲು ಅದನ್ನು ಮತ್ತೆ ಹಾಡಿದವನು ಪೆಟ್‌ವೇಯೇ. ಹೊಟ್ಟೆಯುರಿ ತಡೆಯಲಾಗಲಿಲ್ಲ ಅವನಿಗೆ. ತನಗಾಗಿ ಹೊಲಿದ ಅಂಗಿಯಲ್ಲವೇ, ಆರಾಮಾಗಿ, ಒರಗು ಕುರ್ಚಿಯಲ್ಲಿ ಕೂತ ಹಾಗೆ ಹಾಡಿದ. ವೆರ್ಲೀನ್ ಹಾಡನ್ನು ಇವನೇಕೆ ಕೆಡಿಸಿದ ಎಂದು ಜನ ಬೈದರು. ಪಾಪ, ಅದು ತನ್ನದೇ ಎಂದು ಹೇಳಿಕೊಂಡು ತಿರುಗಿದ, ಯಾರೂ ನಂಬಲಿಲ್ಲ. ಆಮೇಲೆ ಇಂಗ್ಲೆಂಡಿನ ನಾಲ್ವರು ಬಿಳಿ ಹುಡುಗರು ಹಾಡಿದರು, ನಿದ್ದೆಗಣ್ಣಲ್ಲಿ ಎದ್ದು ಬಂದವರ ಹಾಗೆ. ನ್ಯಾಶ್‌ವಿಲ್‌ನ ದೊಡ್ಡ ಹ್ಯಾಟಿನವನೊಬ್ಬ ಬಸ್ಸನ್ನು ಲಾರಿ ಮಾಡಿದ. ಜಮೈಕಾದವರು ಎಷ್ಟು ನಿಧಾನ ಮಾಡಿದರೆಂದರೆ ಬಸ್ಸು ಹೋಗಿ, ತಿರುಗಿ ಬಂದು, ಮತ್ತೆ ಹೋಗಬಹುದಿತ್ತು. ಅದು ನನಗೆ ಇಷ್ಟ. ಇಟಲಿಯ ಒಬ್ಬಾಕೆ ಅತ್ತುಕೊಂಡು ಹಾಡಿದಳು. ಡಿಸ್ಕೋ ಕಾಲದಲ್ಲಿ ಹಿಂದೆ ಚಪ್ಪಾಳೆಯ ಯಂತ್ರ ಇಟ್ಟು ಕುಣಿಸಿದರು. ಬಟ್ಟೆ ಸೋಪಿನವರು ಅದೇ ರಾಗಕ್ಕೆ ಕೊಳೆ ಹೋಗಲಿ ಬಿಡು ಎಂದು ಕೂಗಿಸಿದರು. ಮೊನ್ನೆ ಮೊನ್ನೆ ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಒಂದು ಹುಡುಗಿ, ಕೇಲಿನ್ ಎಂದು ಹೆಸರು, ಮೂರನೇ ಚರಣದ ಬಿರುಕನ್ನು ಜಡೆ ಹೆಣೆದ ಹಾಗೆ ತಿರುಚಿ ತಿರುಚಿ ಹಾಡಿ ಬಹುಮಾನ ಗೆದ್ದಳು.

ಆ ಹುಡುಗಿ ಕೆಟ್ಟವಳೇನಲ್ಲ. ಅಕ್ಕನನ್ನು ನೋಡಲು ಹೂ ಹಿಡಿದುಕೊಂಡು ಮನೆಗೇ ಬಂದಿದ್ದಳು. ಆ ಬಿರುಕನ್ನು ಸಂಗೀತ ಶಾಲೆಯಲ್ಲಿ ಕಲಿಸುತ್ತಾರಂತೆ, ಅದಕ್ಕೊಂದು ಅಭ್ಯಾಸವೂ ಇದೆಯಂತೆ. ಗಂಟಲಿಗೆ ಏನೂ ಆಗದ ಹಾಗೆ ಮಾಡಬಹುದು, ನೀವು ಹೇಗೆ ಮಾಡ್ತೀರಿ ಎಂದು ಕೇಳಿದಳು.

"ನಾನು ಮಾಡಲ್ಲ ಮಗು, ಅದು ಆಗುತ್ತೆ," ಅಂದಳು ಅಕ್ಕ.

ಇವರೆಲ್ಲರ ಹಾಡನ್ನೂ ನಾನು ಕೇಳಿದ್ದೇನೆ. ಒಬ್ಬೊಬ್ಬರದು ಒಂದೊಂದು ರೀತಿ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ: ಪ್ರತಿಯೊಬ್ಬರೂ ಹಾಡನ್ನು ತಮ್ಮ ತಮ್ಮ ಶ್ರುತಿಗೆ ತಂದುಕೊಂಡು ಹಾಡಿದರು. ಮೂಲದ ಶ್ರುತಿಗೆ ಕಟ್ಟುಬಿದ್ದು ಹಾಡಬೇಕಾದವಳು ಭೂಮಿಯ ಮೇಲೆ ಅಕ್ಕ ಒಬ್ಬಳೇ.

ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ ಎಂದಲ್ಲ. ಎಂಬತ್ತರ ಸುಮಾರಿಗೆ ಓಹಾಯೋದ ಡೇಟನ್‌ನಲ್ಲಿ ಒಂದು ಕ್ಲಬ್ಬು. ಅವಳು ವಾದ್ಯದವರನ್ನು ಒಪ್ಪಿಸಿ ಶ್ರುತಿ ಇಳಿಸಿಕೊಂಡು ಹಾಡಿದಳು. ಮೊದಲ ಚರಣಕ್ಕೇ ಜನ ಮುಖ ಮುಖ ನೋಡಿಕೊಂಡರು. ಆ ಕಾಲದಲ್ಲಿ ನಕಲಿ ತಂಡಗಳ ಕಾಟ ವಿಪರೀತ. ಹಳೆಯ ಹಾಡುಗಾರರ ಹೆಸರಿನಲ್ಲಿ ಯಾರು ಯಾರೋ ಊರೂರು ತಿರುಗುತ್ತಿದ್ದರು. ನಮ್ಮ ದುರದೃಷ್ಟಕ್ಕೆ ಒಬ್ಬಳು ನಕಲಿ ವೆರ್ಲೀನ್ ಅದೇ ಊರಿಗೆ ಅದಕ್ಕೂ ಹಿಂದಿನ ವರ್ಷ ಬಂದು, ರೆಕಾರ್ಡಿನ ಶ್ರುತಿಯಲ್ಲೇ ಹಾಡಿ, ಬಿರುಕನ್ನೂ ಬಿರಿಸಿ ಹೋಗಿದ್ದಳು. ನಮ್ಮದು ಮುಗಿದ ಮೇಲೆ ಕ್ಲಬ್ಬಿನ ಮ್ಯಾನೇಜರ್ ಹಿಂದಿನ ಕೋಣೆಗೆ ಬಂದು ಅಕ್ಕನ ಡ್ರೈವಿಂಗ್ ಲೈಸೆನ್ಸ್ ಕೇಳಿದ. ಲೈಸೆನ್ಸ್ ನೋಡಿದ ಮೇಲೂ ಅವನಿಗೆ ಪೂರಾ ನಂಬಿಕೆ ಬರಲಿಲ್ಲ. ನಾನು ಅವನಿಗೆ ಬೈದ ಬೈಗುಳವನ್ನು ಇಲ್ಲಿ ಹೇಳುವುದು ಬೇಡ, ನಾನು ಚರ್ಚಿಗೆ ಹೋಗುವವಳು. ಅಕ್ಕ ಮಾತ್ರ ಕನ್ನಡಿಯ ಮುಂದೆ ಕೂತು ವಿಗ್ ತೆಗೆದಳು. ಮಾರನೇ ಸಂಜೆ ಮತ್ತೆ ಗಂಡಸಿನ ಶ್ರುತಿ.

ವಯಸ್ಸಾದ ಹಾಗೆ ಆ ಏರು ಅವಳಿಗೆ ಸಿಗದಾಯಿತು. ಆಗ ಒಂದು ಉಪಾಯ ಮಾಡಿದೆವು. ಮೂರನೇ ಚರಣದಲ್ಲಿ ಅವಳು ತಲೆ ಹಿಂದಕ್ಕೆ ಎಸೆದು ಬಾಯಿ ತೆರೆಯುತ್ತಿದ್ದಳು, ಕೂಗು ನನ್ನ ಮೈಕಿನಿಂದ ಬರುತ್ತಿತ್ತು. ನನ್ನದು ಹುಟ್ಟಿನಿಂದಲೇ ಮೇಲಿನ ಶ್ರುತಿ, ನನಗೆ ಅದು ಕಷ್ಟವಲ್ಲ. ಟ್ಯುನಿಕಾದ ಜೂಜಿನ ಅಡ್ಡೆಗಳಲ್ಲಿ, ಮುದುಕರನ್ನು ತುಂಬಿಕೊಂಡ ಹಡಗುಗಳಲ್ಲಿ ಜನ ನನ್ನ ಕೂಗಿಗೆ ಎದ್ದು ನಿಂತು ಅವಳಿಗೆ ಚಪ್ಪಾಳೆ ಹೊಡೆದರು. ಅಕ್ಕ ಒಮ್ಮೆಯೂ ತಿರುಗಿ ನನ್ನ ಕಡೆ ನೋಡಲಿಲ್ಲ. ತಿರುಗಿದರೆ ಗುಟ್ಟು ರಟ್ಟಾಗುತ್ತಿತ್ತು, ನಿಜ. ಆದರೂ ನನಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟೂ ಕೂಗಿನಲ್ಲಿ ಸೇರಿ ಕೂಗು ಇನ್ನೂ ಚೆನ್ನಾಗಿ ಬರುತ್ತಿತ್ತು.

ಹೋದ ಚಳಿಗಾಲ ಅವಳ ದನಿ ಮಾತಿಗೂ ಕಟ್ಟಿಕೊಳ್ಳತೊಡಗಿತು. ಡಾಕ್ಟರಮ್ಮ ಮೂಗಿನಿಂದ ಕೊಳವೆ ಇಳಿಸಿ ನೋಡಿ, ಒಳಗಿನ ತಂತು ಸವೆದು ಎಳೆ ಎಳೆಯಾಗಿದೆ ಎಂದರು. ಕೆಳಗಿನ ದನಿಯಲ್ಲಿ ನಿಮಗೆ ಇಷ್ಟ ಬಂದಷ್ಟು ಹಾಡಿಕೊಳ್ಳಿ, ಅದರಿಂದ ತೊಂದರೆಯಿಲ್ಲ. ಇನ್ನೊಂದು ಸಲ ಮೇಲೆ ಹೋಗಿ ಎಳೆದಾಡಿದರೆ ಹಾಡಿನ ಜೊತೆಗೆ ಮಾತೂ ಹೋಗಬಹುದು. ಇದನ್ನು ಅವರು ಎರಡೆರಡು ಸಲ ಹೇಳಿದರು, ಒಮ್ಮೆ ಅವಳಿಗೆ, ಒಮ್ಮೆ ನನಗೆ.

ಅಕ್ಕ ಕಾರ್ಯಕ್ರಮಗಳ ಏಜೆಂಟನಿಗೆ ಫೋನು ಮಾಡಿ, ಇನ್ನು ನನ್ನ ಶ್ರುತಿಯಲ್ಲಾದರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದಳು. ಅವನು ಒಳ್ಳೆಯ ಮನುಷ್ಯ, ನಾಲಿಗೆ ಮಾತ್ರ ಒರಟು. "ಅಮ್ಮಾ, ಜನ ದುಡ್ಡು ಕೊಡೋದು ನಿಮಗಲ್ಲ, ಆ ಕೂಗಿಗೆ," ಅಂದ. ಅಕ್ಕ ಫೋನು ಇಟ್ಟು ನಕ್ಕಳು. ಹಾಗಾದರೆ ನಿನ್ನನ್ನೇ ಕಳಿಸಬಹುದಿತ್ತು ಕಣೇ ಎಂದು ನನ್ನ ಕಡೆ ನೋಡಿದಳು. ಎಷ್ಟು ವರ್ಷದ ಮೇಲೆ ಆ ಮಾತು ಬಂತು ಅವಳ ಬಾಯಿಂದ. ನಾನು ಒಲೆಯ ಕಡೆ ತಿರುಗಿ ಸೊಪ್ಪಿನ ಪಾತ್ರೆಯಲ್ಲಿ ಸೌಟಾಡಿಸಿದೆ.

ವಸಂತದಲ್ಲಿ ಮೇಬ್ರಿ ಮೇಸ್ಟ್ರು ಹಾಸಿಗೆ ಹಿಡಿದರು. ಮಗಳು ಲಟ್ರೀಸ್ ಮನೆಯಲ್ಲಿದ್ದರು. ನಮ್ಮ ನ್ಯೂ ಗಿಲ್ಗಾಲ್ ಚರ್ಚಿನಲ್ಲಿ ಅಪ್ಪನ ಜಾಗದಲ್ಲಿ ಈಗ ಆರ್ಗನ್ ನುಡಿಸುವವಳು ಅವಳೇ. ನಾವು ನಿಂಬೆ ಕೇಕು ಮಾಡಿಕೊಂಡು ನೋಡಲು ಹೋದೆವು. ಮೇಸ್ಟ್ರು ಮೂಳೆ ಚಕ್ಕಳವಾಗಿದ್ದರೂ ಕುಚೋದ್ಯ ಬಿಟ್ಟಿರಲಿಲ್ಲ. ಪೆಟ್‌ವೇ ಸತ್ತು ಮೇಲೆ ಹೋಗಿದ್ದಾನಲ್ಲ, ಅಲ್ಲಿ ನನ್ನನ್ನು ಹಿಡಿದು ಹಾಡು ವಾಪಸು ಕೇಳ್ತಾನೆ, ಏನು ಹೇಳಲಿ ಎಂದು ಅಕ್ಕನನ್ನು ಕೇಳಿದರು. ದಯವಿಟ್ಟು ಕೊಟ್ಟುಬಿಡಿ ಎಂದಳು ಅಕ್ಕ. ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಮೇಸ್ಟ್ರು ಅವಳ ಕೈ ಹಿಡಿದುಕೊಂಡರು.

"ನನ್ನ ಮಣ್ಣಿಗೆ ನೀನು ಹಾಡಬೇಕು ವೆರ್ಲೀನ್. ನಿಮ್ಮಮ್ಮ ಹಾಡ್ತಿದ್ದ ಆ ನದಿ ದಾಟೋ ಹಾಡು. ವಾದ್ಯ ಮೊದಲು ಶುರುವಾಗಲ್ಲ, ನೀನೇ ಎತ್ತಿಕೋ. ನಿನ್ನ ಶ್ರುತಿಲಿ ಎತ್ತಿಕೋ. ಲಟ್ರೀಸ್ ನಿನ್ನ ಹಿಂದೆ ಬರ್ತಾಳೆ."

ನಮ್ಮ ಚರ್ಚಿನ ಪದ್ಧತಿ ಅದು. ಯಾರೂ ಹಾಡುವವರಿಗೆ ಶ್ರುತಿ ಕೊಡುವುದಿಲ್ಲ. ಎದ್ದು ನಿಂತವರು ತಮಗೆ ಬಂದಲ್ಲಿಂದ ಹಾಡು ಎತ್ತಿಕೊಳ್ಳುತ್ತಾರೆ, ಆರ್ಗನ್ ಹುಡುಕಿಕೊಂಡು ಬಂದು ಅವರನ್ನು ಕೂಡಿಕೊಳ್ಳುತ್ತದೆ. ಎತ್ತುವ ಮುಂಚೆ ಶ್ರುತಿ ಕೇಳುವುದೆಂದರೆ ನಮ್ಮವರಲ್ಲಿ ಅವಮಾನ, ಪ್ರಾರ್ಥನೆಗೆ ಮುಂಚೆ ದೇವರ ವಿಳಾಸ ಕೇಳಿದ ಹಾಗೆ. ಅಕ್ಕನ ಜೀವನದಲ್ಲಿ ಅವಳ ಶ್ರುತಿಯನ್ನು ಯಾರೂ ಮೊದಲೇ ಗೊತ್ತುಮಾಡಿಡದ ಜಾಗ ಅದೊಂದೇ ಆಗಿತ್ತು. ಆದರೆ ಶನಿವಾರ ಸಂಜೆಗಳೆಲ್ಲ ಬೇರೆ ಊರುಗಳಲ್ಲಿ ಕಳೆದುಹೋಗಿ, ಭಾನುವಾರ ನಾವು ದಾರಿಯಲ್ಲಿರುತ್ತಿದ್ದೆವು. ಹುಡುಗಿಯಾಗಿದ್ದಾಗಿನಿಂದ ಅವಳು ಅಲ್ಲಿ ಒಬ್ಬಳೇ ಎದ್ದು ಹಾಡಿರಲಿಲ್ಲ.

ಮೇಸ್ಟ್ರು ಹೋದರು. ಮಣ್ಣಿಗೆ ಇನ್ನೂ ಕೆಲವು ದಿನ ಇತ್ತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅಕ್ಕ, ಬಾರೇ, ನನ್ನ ಶ್ರುತಿ ಎಲ್ಲಿದೆ ನೋಡೋಣ ಎಂದಳು. ಅಲ್ಲೇ ಗೋಡೆಗಿದ್ದ ಹಳೆಯ ಪಿಯಾನೋದ ಮುಂದೆ ನಾನು ಕೂತೆ. ಮಧ್ಯದಿಂದ ಒಂದೊಂದೇ ಸ್ವರದ ಮನೆ ಕೆಳಗಿಳಿಯುತ್ತ ಬಂದೆ. ಅವಳು ಒಂದೊಂದರಲ್ಲೂ ಮೊದಲ ಸಾಲು ಹಾಡಿ ನೋಡಿ, ಇಲ್ಲ, ಇನ್ನೂ ಕೆಳಗೆ, ಇನ್ನೂ ಕೆಳಗೆ ಎನ್ನುತ್ತಿದ್ದಳು. ಒಂದು ಕಡೆ ಬಂದು ಇಬ್ಬರೂ ನಿಂತೆವು. ಅವಳ ಮುಖದ ಮೇಲಿನ ಬಿಗಿ ಇಳಿದದ್ದು ನನಗೆ ಕಾಣಿಸಿತು. ದನಿ ಅಲ್ಲೇ ಇತ್ತು. ಅಂಚುಗಳು ಸವೆದಿದ್ದವು, ಅಷ್ಟೆ. ಅಮ್ಮ ಕೆಲಸ ಬಿಟ್ಟು ನಿಂತು ಕೇಳುತ್ತಿದ್ದ ಅದೇ ದನಿ. ಅವಳು ಇಡೀ ಹಾಡನ್ನು ಕುಳಿತೇ ಹಾಡಿ ಮುಗಿಸಿದಳು, ಒಂದು ಕಡೆಯೂ ಕತ್ತಿಗೆ ಕೈ ಹೋಗಲಿಲ್ಲ. ನಾನು ಅತ್ತುಬಿಟ್ಟೆ. ಅವಳ ಮೇಲಿದ್ದ ಅಷ್ಟೂ ವರ್ಷದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇದನ್ನು ಒಂದು ಸಲ ಜನ ಕೇಳಬೇಕು, ಒಂದೇ ಸಲ ಸಾಕು ಎನ್ನುವುದೊಂದೇ ನನ್ನ ಮನಸ್ಸಿನಲ್ಲಿತ್ತು. ಅವಳ ಮನಸ್ಸಿನಲ್ಲಿಯೂ ಅದೇ ಇತ್ತು, ಬಾಯಿಬಿಟ್ಟು ಹೇಳಲಿಲ್ಲ.

ಮಣ್ಣಿನ ದಿನ ಚರ್ಚಿನ ಹೊರಗೆ, ಕಾರಿನಲ್ಲಿ, ನಾನು ಹೇಳಿದೆ. ಹೊರಡುವ ಮುಂಚೆ ಪಿಯಾನೋ ಮುಟ್ಟಿ ಬಂದಿದ್ದೇನೆ, ಆ ಸ್ವರ ನನ್ನ ಕಿವಿಯಲ್ಲಿದೆ. ನೀನು ಎದ್ದಾಗ ನಿನ್ನ ಪಕ್ಕ ಬಂದು ಮೆಲ್ಲಗೆ ಗುನುಗಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕ ಕೈಗವಸು ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿದಳು. "ಅಮ್ಮನ ಚರ್ಚಲ್ಲಿ ನಿಂತ್ಕೊಂಡು ನನ್ನ ಶ್ರುತೀನ ನಾನು ಇನ್ನೊಬ್ರ ಹತ್ರ ಕೇಳ್ಬೇಕೇನೇ?"

ನಾನು ಕಾರಿನ ಬಾಗಿಲು ತೆರೆದೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಚರ್ಚು ತುಂಬಿತ್ತು. ಮೆಂಫಿಸ್‌ನಲ್ಲಿ ಇನ್ನೂ ಉಸಿರಾಡುತ್ತಿದ್ದ ವಾದ್ಯದವರೆಲ್ಲ ಬಂದಿದ್ದರು. ಬಿಳಿ ಕೈಗವಸಿನ ಹೆಂಗಸರು ಅಳುವವರಿಗೆ ಬೀಸಣಿಗೆ ಹಂಚುತ್ತಿದ್ದರು. ಮುಂದಿನ ಸಾಲಿನಲ್ಲಿ ಬಿಳಿ ಬಟ್ಟೆ, ಬಿಳಿ ಹ್ಯಾಟಿನ ಹಿರಿಯರು, ನಾವು ಮದರ್ ಎಂದು ಕರೆಯುವವರು. ಅವರ ನಡುವೆ ಮದರ್ ಪ್ರೂಯಿಟ್, ಅಮ್ಮನ ಗೆಳತಿ, ವಯಸ್ಸು ಕೇಳಿದರೆ ಬೈಯುತ್ತಾರೆ. ನಾನು ಚರ್ಚಿನ ಹಾಡುಗಾರರ ಗುಂಪಿನ ಜೊತೆ ಹಿಂದೆ ನಿಂತಿದ್ದೆ. ಪಾದ್ರಿಗಳು ಅಕ್ಕನ ಹೆಸರು ಕರೆದರು. ಅವಳು ಶವಪೆಟ್ಟಿಗೆಯ ಪಕ್ಕಕ್ಕೆ ನಡೆದು ಹೋಗಿ, ಮುಚ್ಚಳದ ಮೇಲೆ ಒಂದು ಕೈ ಇಟ್ಟಳು. ಲಟ್ರೀಸ್ ಆರ್ಗನ್ನಿನ ಮೇಲಿಂದ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಇಡೀ ಚರ್ಚು ಅಕ್ಕನ ಬಾಯಿಗೆ ಕಾದಿತ್ತು.

ಅವಳು ಉಸಿರು ತೆಗೆದುಕೊಂಡು ಎತ್ತಿಕೊಂಡಳು.

ಮೊದಲ ಅಕ್ಷರಕ್ಕೇ ನನಗೆ ಗೊತ್ತಾಯಿತು. ಗಂಡಸಿನ ಶ್ರುತಿ. ಅಡುಗೆಮನೆಯದಲ್ಲ, ಆ ಬೇಸಿಗೆಯದು, ಪೆಟ್‌ವೇಯದು, ಆ ಹಾಳು ಟೇಪಿನದು. ಜನರ ಮುಂದೆ ಬಾಯಿ ತೆರೆದರೆ ಗಂಟಲು ಹೋಗಿ ನಿಲ್ಲುವ ಜಾಗ ಅದೊಂದೇ ಆಗಿಹೋಗಿತ್ತು. ಅವಳಿಗೂ ಎರಡನೇ ಮಾತಿಗೆ ಗೊತ್ತಾಯಿತು. ಅವಳ ಬೆನ್ನು ನನಗೆ ಹೇಳಿತು, ಆ ಬೆನ್ನನ್ನು ಓದಿಕೊಂಡೇ ಬೆಳೆದವಳು ನಾನು. ಕೆಳಗಿಳಿ ಅಕ್ಕ, ಈಗಲೇ ಇಳಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟರಲ್ಲಿ ಲಟ್ರೀಸ್ ಅವಳನ್ನು ಹುಡುಕಿಕೊಂಡು ಬಂದುಬಿಟ್ಟಳು. ಎಂಥ ಕಿವಿ ಆ ಹುಡುಗಿಯದು, ಅಪ್ಪನದೇ ಕಿವಿ. ಮೂರೇ ಸ್ವರದಲ್ಲಿ ಅಕ್ಕನನ್ನು ಕೂಡಿಕೊಂಡು ಆರ್ಗನ್ನನ್ನು ಅಲ್ಲಿಗೇ ನಿಲ್ಲಿಸಿದಳು. ಡ್ರಮ್ಮಿನವನು ಸೇರಿದ. ಜನ ಎದ್ದರು. ಎಲ್ಲರಿಗೂ ಗೊತ್ತಿದ್ದ ದನಿ ಅದು, ಅವರ ಮದುವೆಗಳಲ್ಲಿ, ಕಾರುಗಳಲ್ಲಿ, ಅಡುಗೆಮನೆಗಳಲ್ಲಿ ಇದ್ದ ದನಿ. ಹಾಡು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುವುದು ಕ್ಲಬ್ಬಿನಲ್ಲಾದರೆ ನಡೆಯುತ್ತದೆ. ಹೆಣದ ಮುಂದೆ ನಡೆಯುವುದಿಲ್ಲ.

ಅವಳು ಹಾಡುತ್ತ ಹೋದಳು. ಆ ಹಾಡೂ ಕೊನೆಯಲ್ಲಿ ಏರುತ್ತದೆ. ನದಿ ದಾಟಿ ದಡ ಹತ್ತಬೇಕಲ್ಲ. ಏರಿನ ಬುಡದಲ್ಲಿ ಅವಳು ಒಂದು ಕ್ಷಣ ತಡೆದಳು. ನಮ್ಮ ಕಡೆ ಯಾರಾದರೂ ಹಾಡುತ್ತ ತಡವರಿಸಿದರೆ ಕೂತವರು ಧೈರ್ಯ ಹೇಳುತ್ತಾರೆ. ಮದರ್ ಪ್ರೂಯಿಟ್ ಬೀಸಣಿಗೆ ಎತ್ತಿ, "ನಿಧಾನ ಮಗಳೇ, ನಿಧಾನ" ಅಂದರು. ಸುತ್ತಲಿದ್ದವರೂ ನಿಧಾನ, ನಿಧಾನ ಎಂದರು. ಲಟ್ರೀಸ್ ಅದೇ ಶ್ರುತಿಯಲ್ಲಿ ಸುತ್ತು ಹೊಡೆಯುತ್ತ ಕಾದಳು. ಪ್ರೀತಿಯಿಂದಲೇ ಕಾದಳು, ಎಲ್ಲರೂ ಪ್ರೀತಿಯಿಂದಲೇ ಕಾಯುತ್ತಿದ್ದರು, ಅವಳಿಗೆ ತಪ್ಪಿಸಿಕೊಳ್ಳಲು ಒಂದು ಸಂದೂ ಇರಲಿಲ್ಲ.

ಆಗ ಅಕ್ಕ ತಿರುಗಿದಳು. ಜೀವಮಾನದಲ್ಲಿ ಮೊದಲ ಸಲ ಹಾಡಿನ ಮಧ್ಯೆ ತಿರುಗಿ ನನ್ನ ಮುಖ ನೋಡಿದಳು. ಕೂಗು ಬೇಕೆಂದು ನೋಡಿದಳು ಎಂದುಕೊಂಡೆ. ನಾನು ಎದೆ ತುಂಬ ಉಸಿರು ತೆಗೆದು ಬಾಯಿ ತೆರೆದೆ. ಅವಳು ಕೈ ಎತ್ತಿ ಬೇಡ ಎಂದಳು. ಅಂಗೈ ಬಿಡಿಸಿ, ಮಗುವನ್ನು ರಸ್ತೆಯ ಅಂಚಿನಲ್ಲಿ ತಡೆಯುವ ಹಾಗೆ. ನನ್ನ ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಅವಳು ಜನರ ಕಡೆ ತಿರುಗಿ ತಾನೇ ಏರಿದಳು.

ಹರಿಯಿತು. ಆ ಬೇಸಿಗೆಯಲ್ಲಿ ಹರಿದದ್ದಕ್ಕಿಂತ ಮೇಲಿನವರೆಗೆ ಹರಿಯಿತು. ಆ ಹರಿದದ್ದರೊಳಗಿಂದ ಅವಳು ಕೊನೆಯ ಸಾಲನ್ನು ಮುಟ್ಟಿಸಿದಳು. ಚರ್ಚಿನಲ್ಲಿ ಕೂತವರು ಯಾರೂ ಉಳಿದಿರಲಿಲ್ಲ. ಹೆಂಗಸರು ಕೈ ಎತ್ತಿ ಅಳುತ್ತಿದ್ದರು, ಮುದುಕ ವಾದ್ಯದವರು ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದರು, ಲಟ್ರೀಸ್ ಆರ್ಗನ್ನಿನ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು. ಅಷ್ಟು ಜನ ಅಷ್ಟು ಅತ್ತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಮಾತ್ರ ಅಳು ಬರಲಿಲ್ಲ. ನನ್ನ ಕಿವಿಯಲ್ಲಿ ಇನ್ನೂ ಆ ಇನ್ನೊಂದು ಸ್ವರ ಇತ್ತು, ಹೊರಡುವ ಮುಂಚೆ ಪಿಯಾನೋದಲ್ಲಿ ಮುಟ್ಟಿ ತಂದದ್ದು.

ಮಣ್ಣು ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಊಟ. ಕರಿದ ಕೋಳಿ, ಸೊಪ್ಪು, ಮೆಕ್ಕೆಜೋಳದ ರೊಟ್ಟಿ. ಅಕ್ಕ ಏನನ್ನೂ ನುಂಗಲಿಲ್ಲ. ಜನ ಸಾಲುಗಟ್ಟಿ ಬಂದು ಅವಳ ಕೈ ಮುಟ್ಟಿ ಹೋದರು. ಮದರ್ ಪ್ರೂಯಿಟ್ ಕೋಲೂರಿಕೊಂಡು ಬಂದು ಅವಳ ಎರಡೂ ಕೆನ್ನೆ ಹಿಡಿದರು.

"ಥೇಟ್ ರೆಕಾರ್ಡಿನ ಹಾಗೇ ಹಾಡಿದೆ ನನ್ನಮ್ಮ," ಅಂದರು. "ಒಂಚೂರೂ ಬದಲಾಗಿಲ್ಲ ನೀನು."

ಅಕ್ಕ ನಕ್ಕಳು. ಥ್ಯಾಂಕ್ಸ್ ಎಂದು ತುಟಿ ಆಡಿಸಿದಳು. ದನಿ ಬರಲಿಲ್ಲ.

ನಾನು ಅವಳನ್ನು ಕಾರಿನಲ್ಲಿ ಕೂರಿಸಿ, ಕಿಟಕಿ ಏರಿಸಿ, ಆಮೇಲೆ ಸಿಟ್ಟು ಮಾಡಿಕೊಂಡೆ. ಯಾಕೆ ಬೇಡವೆಂದೆ, ನಾನಿದ್ದೆನಲ್ಲ, ಇಷ್ಟು ವರ್ಷ ಕೂಗಿದವಳು ಇವತ್ತೊಂದು ದಿನ ಕೂಗುತ್ತಿರಲಿಲ್ಲವೇ, ಡಾಕ್ಟರಮ್ಮ ಏನು ಹೇಳಿದ್ದರು ಮರೆತೆಯಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಕೈಗವಸಿನ ಬೆರಳು ಒಂದೊಂದಾಗಿ ಎಳೆದು ತೆಗೆಯುತ್ತಿದ್ದಳು. ನನ್ನದು ಮುಗಿದ ಮೇಲೆ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಕಿವಿಯನ್ನು ಅವಳ ಬಾಯಿಗೆ ಆನಿಸಬೇಕಾಯಿತು. ಬರೀ ಗಾಳಿ ಬರುತ್ತಿತ್ತು, ಗಾಳಿಯಲ್ಲಿ ಮಾತು ಹುಡುಕಬೇಕಿತ್ತು.

"ಇವತ್ತು ಯಾರೂ ನನಗೆ ಶ್ರುತಿ ಕೊಡ್ಲಿಲ್ಲ ಓಝಿ," ಅಂದಳು. "ನಾನೇ ಹಿಡಿದದ್ದು."

ನಾನು ಇಲ್ಲ ಎನ್ನಬೇಕೆಂದುಕೊಂಡೆ. ಅಡುಗೆಮನೆಯಲ್ಲಿ ಹಾಡಿದ್ದು ಯಾರು ಹಾಗಾದರೆ ಎಂದು ಕೇಳಬೇಕೆಂದುಕೊಂಡೆ. ಆ ದನಿ ಇತ್ತು, ನಾನು ಕೇಳಿದ್ದೇನೆ, ನಾನೊಬ್ಬಳೇ ಕೇಳಿದ್ದೇನೆ. ಕಾರು ಶುರು ಮಾಡಿ ಬೀದಿಗೆ ತಂದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಅವತ್ತಿನಿಂದ ಇವತ್ತಿನವರೆಗೆ ಅವಳು ಗಟ್ಟಿಯಾಗಿ ಆಡಿದ ಮಾತಿಲ್ಲ. ಯಾರಾದರೂ ಮನೆಗೆ ಬಂದರೆ ಅವಳು ಮುಂದೆ ಕೂರುತ್ತಾಳೆ, ಹಿಂದಿನಿಂದ ನಾನು ಮಾತಾಡುತ್ತೇನೆ.